ಕಚ್ಚದ ಹಾವು, ಮುಗಿಯದ ಕತೆ

ಹಿರಿಯೂರು ತಾಲ್ಲೂಕಿನ ಆದಿವಾಲದವನಾದ ನನಗೆ ನಾಗಕತೆಗಳ ಮೇಲೆ ಯಾವ ಸಿಟ್ಟೂ ಇಲ್ಲ. ಹೊಲದ ಬದುವಿನ ಹುತ್ತಕ್ಕೆ ಪಂಚಮಿಯಂದು ಹಾಲೆರೆಯುವವರ ಮನೆಯಲ್ಲಿ ಬೆಳೆದವನು ನಾನು. ಆದುದರಿಂದ ೨೦೧೬ರಲ್ಲಿ ಜೀ ಕನ್ನಡ ವಾಹಿನಿಯಲ್ಲಿ ‘ನಾಗಿಣಿ’ ಆರಂಭವಾದಾಗ, ವಿಚಾರವಾದಿ ಮಿತ್ರರು ಮೂಗು ಮುರಿದಂತೆ ನಾನು ಮುರಿಯಲಿಲ್ಲ. ಹಾವು ಹೆಣ್ಣಾಗುವುದು ಸುಳ್ಳೆಂದು ತಳ್ಳಿಹಾಕುವವರು ನಮ್ಮ ಕಾವ್ಯದ ಅರ್ಧವನ್ನೇ ತಳ್ಳಿಹಾಕಬೇಕಾದೀತು. ನನ್ನ ದೂರು ಬೇರೆ.

ಆರಂಭ ಚೆನ್ನಾಗಿಯೇ ಇತ್ತು. ಹೆತ್ತವರನ್ನು ಕೊಂದವರ ಮೇಲೆ ಸೇಡು ತೀರಿಸಲು ಮನುಷ್ಯರೂಪದಲ್ಲಿ ಬಂದ ಅಮೃತಾ. ಅವಳಿಗೆ ಎದುರಾದ ಅರ್ಜುನ. ಒಂದು ಕಡೆ ಹಗೆ, ಇನ್ನೊಂದು ಕಡೆ ಒಲವು. ದೀಪಿಕಾ ದಾಸ್ ಅವರ ನಟನೆಯಲ್ಲೂ ಬಿಗಿಯಿತ್ತು. ಕಚ್ಚಿದರೆ ಒಲವು ಸಾಯುತ್ತದೆ, ಕಚ್ಚದಿದ್ದರೆ ಹೆತ್ತವರ ಋಣ ಉಳಿಯುತ್ತದೆ. ಇದಕ್ಕಿಂತ ಹೆಚ್ಚಿನದನ್ನು ಯಾವ ನಾಟಕಕಾರ ಬೇಡಿಯಾನು?

ಆದರೆ ಆ ಪ್ರಶ್ನೆಗೆ ಉತ್ತರ ಕೊಟ್ಟುಬಿಟ್ಟರೆ ನಾಳೆಯ ಸಂಚಿಕೆಗೆ ಏನುಳಿಯಿತು? ಆದ್ದರಿಂದ ಇಂದು ಎತ್ತಿದ ಹೆಡೆ ನಾಳೆ ಇಳಿಯಿತು. ಹೊಸ ಶತ್ರು, ಹೊಸ ಮಂತ್ರ, ಹೊಸ ತಡೆ. ಹೀಗೆ ೨೦೧೯ರವರೆಗೆ ಎಳೆದರು. ಅದೂ ಸಾಲದೆಂದು ೨೦೨೦ರಲ್ಲಿ ‘ನಾಗಿಣಿ ೨’ ಬಂತು. ಒಂದು ಸಂಜೆ ನನ್ನ ತಾಯಿ ಆಡಿದ ಮಾತು ಯಾವ ವಿಮರ್ಶಕನ ಮಾತಿಗೂ ಕಡಿಮೆಯದಲ್ಲ: “ಅದೇನು ಹಾವೋ ಕಾಣಪ್ಪ, ವರ್ಷಗಟ್ಲೆ ಬುಸುಗುಡ್ತೈತೆ, ಕಚ್ಚೋದೇ ಇಲ್ಲ!”

ಅದ್ಭುತದ ಕತೆಗೆ ಕಟ್ಟುಪಾಡು ಹೆಚ್ಚು. ಸಂಸಾರದ ಕತೆ ದಾರಿ ತಪ್ಪಿದರೆ ಲೋಕಾನುಭವ ಅದನ್ನು ತಿದ್ದೀತು. ಮಾಯೆಯ ಕತೆಗೆ ತಾನೇ ಹಾಕಿಕೊಂಡ ನಿಯಮದ ಹೊರತು ಬೇರೆ ಆಸರೆಯಿಲ್ಲ. ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನು ನೋಡಿ. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕತೆಗಳಿಂದ ಹುಟ್ಟಿದ ನಾಟಕ ಅದು. ೧೯೯೭ರಲ್ಲಿ ನಾಗಾಭರಣರು ಅದನ್ನು ತೆರೆಗೂ ತಂದರು. ಅಲ್ಲಿಯೂ ಹಾವು ಗಂಡನ ರೂಪ ತಾಳಿ ಬರುತ್ತದೆ. ಆದರೆ ಆ ಮಾಯೆಗೆ ಬೆಲೆಯುಂಟು: ರಾಣಿ ಬಸಿರಾಗುತ್ತಾಳೆ, ಪಂಚರ ಮುಂದೆ ನಾಗನನ್ನು ಹಿಡಿದು ಪ್ರಮಾಣ ಮಾಡಬೇಕಾಗುತ್ತದೆ. ಎಲ್ಲವೂ ಒಂದು ರಾತ್ರಿಯ ಆಟದಲ್ಲಿ ಮುಗಿಯುತ್ತದೆ. ನೋಡಿದವರ ಮನಸ್ಸಿನಲ್ಲಿ ಮಾತ್ರ ಬಹುಕಾಲ ಉಳಿಯುತ್ತದೆ. ನಮ್ಮ ದುರ್ಗದ ತ. ರಾ. ಸು. ಅವರಂತೂ ‘ನಾಗರಹಾವು’ ಎಂದು ಹೆಸರಿಟ್ಟೂ ಯಾವ ಹಾವನ್ನೂ ಹೆಣ್ಣಾಗಿಸಲಿಲ್ಲ. ರಾಮಾಚಾರಿ ಎಂಬ ಹುಡುಗನ ರೋಷವೊಂದೇ ಅವರಿಗೆ ಸಾಕಾಯಿತು. ೧೯೭೨ರಲ್ಲಿ ಪುಟ್ಟಣ್ಣನವರು ಅದನ್ನು ಚಿತ್ರವಾಗಿಸಿದಾಗ ನಾಡೆಲ್ಲ ನೋಡಿತು. ಆ ಹುಡುಗ ಹೆಡೆಯೆತ್ತಿದ್ದಕ್ಕೆ ಪರಿಣಾಮವಿತ್ತು.

“ಜನ ನೋಡುತ್ತಾರಲ್ಲ, ಸ್ವಾಮಿ?” ಎಂಬ ಉತ್ತರ ಸಿದ್ಧವಾಗಿದೆ. ನೋಡುತ್ತಾರೆ, ನಿಜ. ಹಸಿದವನು ತಂಗಳನ್ನೂ ಉಣ್ಣುತ್ತಾನೆ. ಅದಕ್ಕಾಗಿ ಅಡಿಗೆಯವನು ಬೀಗಬೇಕಾಗಿಲ್ಲ. ಇದರ ನಷ್ಟ ನನಗೆ ತರಗತಿಯಲ್ಲಿ ಕಾಣುತ್ತದೆ. ಜನಪದ ಕತೆಯೊಂದನ್ನು ಹೇಳಿದರೆ “ಆಮೇಲೇನಾಯ್ತು, ಸರ್?” ಎಂದು ಕೇಳುವವರು ಹಲವರು, “ಹಾಗೇಕಾಯ್ತು?” ಎಂದು ಕೇಳುವವರು ವಿರಳ. ಕೊನೆಯನ್ನು ತಿಳಿದ ಮೇಲೆಯೇ ಆರಂಭದ ಅರ್ಥ ಹೊಳೆಯುತ್ತದೆಂಬುದು ಮರೆತುಹೋಗುತ್ತಿದೆ.

ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ ಬಂದಾಗ, ಕತೆಯಿದ್ದಷ್ಟೇ ಸಂಚಿಕೆಯಿತ್ತು. ಇಂದಿಗೂ ಜನ ಅದನ್ನು ನೆನೆಯುತ್ತಾರೆ. ವಾಹಿನಿಯವರಲ್ಲಿ ನಾನು ಕೇಳುವುದು ಇಷ್ಟೆ: ಹಾವನ್ನು ತನ್ನಿ, ಬೇಕಾದರೆ ದೆವ್ವವನ್ನೂ ತನ್ನಿ, ಆದರೆ ಮೊದಲ ಸಂಚಿಕೆಗೆ ಮುನ್ನ ಕೊನೆಯ ಸಂಚಿಕೆಯನ್ನು ಬರೆಸಿಟ್ಟುಕೊಳ್ಳಿ. ಕೊನೆ ಗೊತ್ತಿಲ್ಲದವರು ಕತೆಗೆ ಬಾಯಿ ಹಾಕಬಾರದು. ನಮ್ಮೂರ ಅಜ್ಜಿಯರು ಇಷ್ಟನ್ನು ಬಲ್ಲವರಾಗಿದ್ದರು.