ಮನ್ಯಾಗ ಇರ್ತೀವಿ, ಪುಕ್ಕಟೆ ಅಲ್ಲ
ಪೀರನವಾಡಿಯಲ್ಲಿ ಕೂಡಿದ ದುಡಿಯುವ ಮಕ್ಕಳ ಬಳಗದ ಪ್ರಣಾಳಿಕೆ

ದುಡಿಯುವ ವಯಸ್ಸಿಗೆ ಬಂದು, ತಿಂಗಳಾ ಪಗಾರ ಎಣಿಸಿಕೊಂಡು, ಇನ್ನೂ ಅಪ್ಪ-ಅವ್ವನ ಮನೆಯಲ್ಲೇ ಇರುವವರು ನಾವು. ನಾಲ್ಕು ಕಾಸು ಉಳಿಯಲಿ ಎಂದೇ ಇದ್ದೇವೆ. ಇದನ್ನು ಇನ್ನು ಮುಂದೆ ತಲೆ ತಗ್ಗಿಸಿ ಹೇಳುವುದಿಲ್ಲ. ಹಾಗಂತ ಮನೆಯ ಖರ್ಚಿನಲ್ಲಿ ನಮ್ಮ ಪಾಲು ಕೊಡುವ ತನಕ ತಲೆ ಎತ್ತಿ ಹೇಳುವ ಹಕ್ಕೂ ನಮಗಿಲ್ಲ. ಈ ಎರಡೂ ಮಾತನ್ನು ಒಪ್ಪಿಕೊಂಡವರು ಸೇರಿ ಕಟ್ಟಿದ ಬಳಗ ಇದು.

ನಾವು ಯಾರು

ಬೆಳಗಾವಿಯಿಂದ ಬಂದ ರಸ್ತೆ ಪೀರನವಾಡಿ ನಾಕಾದಲ್ಲಿ ಎರಡಾಗುತ್ತದೆ. ಒಂದು ಮಚ್ಛೆ ದಾಟಿ ಖಾನಾಪುರಕ್ಕೆ ಹೋದರೆ, ಇನ್ನೊಂದು ಜಾಂಬೋಟಿ, ಚೋರ್ಲಾ ಘಾಟದ ಮೇಲೆ ಗೋವಾಕ್ಕೆ ಹೋಗುತ್ತದೆ. ನಮ್ಮ ಜೊತೆ ಓದಿದ ಎಷ್ಟೋ ಮಂದಿ ಈ ರಸ್ತೆ ಹಿಡಿದು ಗೋವಾ ಸೇರಿದರು, ಇಲ್ಲವೇ ರಾತ್ರಿ ರೈಲು ಹತ್ತಿ ಬೆಂಗಳೂರು, ಪುಣೆ ಮುಟ್ಟಿದರು. ಉಳಿದವರು ನಾವು. ಉದ್ಯಮಬಾಗದ ಫೌಂಡ್ರಿ, ಮಶೀನ್ ಶಾಪುಗಳಲ್ಲಿ ಶಿಫ್ಟ್ ಮಾಡುವವರು, ಆಸ್ಪತ್ರೆಯ ನರ್ಸುಗಳು, ಗುತ್ತಿಗೆಯ ಮೇಲೆ ಪಾಠ ಮಾಡುವವರು, ಬಟ್ಟೆ ಅಂಗಡಿಯಲ್ಲಿ ನಿಂತುಕೊಂಡೇ ದಿನ ಕಳೆಯುವವರು, ಪಿಎಸ್‌ಐ ಮತ್ತು ಎಫ್‌ಡಿಎ ಪರೀಕ್ಷೆಗೆ ಓದುತ್ತ ನಡುವೆ ಡೆಲಿವರಿ ಕೆಲಸಕ್ಕೆ ಹೋಗುವವರು. ಹಾಗೆ ಹೊರಗೆ ಹೋದವರು ಒಂದೆರಡು ವರ್ಷಕ್ಕೆ ತಿರುಗಿ ಬಂದದ್ದೂ ಉಂಟು, ಅವರೂ ನಮ್ಮವರೇ.

ನಮ್ಮಲ್ಲಿ ಕೆಲವರಿಗೆ ಅಪ್ಪ-ಅವ್ವ, ಕೆಲವರಿಗೆ ಆಯಿ-ಬಾಬಾ, ಇನ್ನು ಕೆಲವರಿಗೆ ಅಮ್ಮಿ-ಅಬ್ಬಾ. ಅದಕ್ಕೇ ಈ ಬಳಗಕ್ಕೆ ಹೆಸರಿಟ್ಟಿಲ್ಲ, ಬೋರ್ಡು ಹಾಕಿಲ್ಲ. ನಮ್ಮ ನಾಕಾದಲ್ಲಿ ಒಂದು ಮೂರ್ತಿ, ಒಂದು ಹೆಸರು ಎಷ್ಟು ಜನರನ್ನು ರಸ್ತೆಗೆ ತರುತ್ತದೆ, ಎಷ್ಟು ವ್ಯಾನು ಪೊಲೀಸರನ್ನು ಕರೆಸುತ್ತದೆ ಎಂಬುದನ್ನು 2020ರ ಆಗಸ್ಟ್‌ನಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಯ ವಿವಾದದಲ್ಲಿ ಕಂಡಿದ್ದೇವೆ. ಸಿಲಿಂಡರಿನ ದರ ಕನ್ನಡದ ಮನೆಗೂ ಮರಾಠಿ ಮನೆಗೂ ಉರ್ದು ಮನೆಗೂ ಒಂದೇ. ನಮ್ಮ ಮಾತು ಅಲ್ಲಿಂದ ಶುರುವಾಗುತ್ತದೆ.

ಯಾಕೆ ಮನೆಯಲ್ಲೇ ಇದ್ದೇವೆ

ಲೆಕ್ಕ ಸರಳ. ಹದಿನೆಂಟು ಸಾವಿರ ಪಗಾರದವನೊಬ್ಬ ಬೆಂಗಳೂರಿಗೆ ಹೋದ ಅನ್ನೋಣ. ಎರಡು ಕೋಣೆಯ ಮನೆಗೆ ತಿಂಗಳಿಗೆ 12,000 ಬಾಡಿಗೆ, ಅಲ್ಲಿ ಬಹುಕಾಲ ನಡೆದು ಬಂದ ಹತ್ತು ತಿಂಗಳ ಅಡ್ವಾನ್ಸು 1,20,000. ಒಳಗೆ ಕಾಲಿಡುವ ಮೊದಲೇ ಆರೂವರೆ ತಿಂಗಳಿಗೂ ಹೆಚ್ಚಿನ ದುಡಿಮೆ ಮಾಲೀಕನ ಕಪಾಟಿಗೆ. ಪಿಜಿ ಸೇರಿದರೆ ಅಡ್ವಾನ್ಸು ಕಡಿಮೆ, ಆದರೆ ನಾಲ್ವರ ನಡುವೆ ಒಂದು ಕಿಟಕಿ. ಊಟ, ಬಸ್ಸು, ಹಬ್ಬಕ್ಕೆ ಊರಿಗೆ ಬರುವ ಟಿಕೆಟ್ಟು ಕಳೆದರೆ ಉಳಿಯುವುದು ಸಾಲ.

ಅದೇ ಪಗಾರ ಪೀರನವಾಡಿಯಲ್ಲಿ ಮೂರು ಪಾಲಾಗಬಹುದು. 6,000 ಮನೆಗೆ, 6,000 ಉಳಿತಾಯಕ್ಕೆ, 6,000 ನಮ್ಮ ಕೈಖರ್ಚಿಗೆ. ಐದು ವರ್ಷ ತಪ್ಪದೆ ಕಟ್ಟಿದರೆ ಉಳಿತಾಯದ ಪಾಲು ಬಡ್ಡಿ ಬಿಟ್ಟೇ 3,60,000. ಮಾಳಿಗೆಯ ಮೇಲೆ ಒಂದು ಕೋಣೆ ಏರಿಸಲು, ತಂಗಿಯ ನರ್ಸಿಂಗ್ ಫೀ ಕಟ್ಟಲು, ಸಣ್ಣದೊಂದು ಲೇಥ್ ಹಾಕಲು ಕೈಯಲ್ಲಿ ಮೊದಲ ಬಂಡವಾಳ. ನಾವು ಮನೆಯಲ್ಲಿ ಇರುವುದು ಇದಕ್ಕೆ.

ಲೋಕದಲ್ಲಿ ನಾವು ಒಬ್ಬರೇ ಅಲ್ಲ. ಕೊರೊನಾ ಹೊತ್ತಿನಲ್ಲಿ, 2020ರ ಜುಲೈಯಲ್ಲಿ, ಅಮೆರಿಕದ 18ರಿಂದ 29 ವಯಸ್ಸಿನವರಲ್ಲಿ ನೂರಕ್ಕೆ 52 ಮಂದಿ ತಂದೆತಾಯಿಯ ಮನೆಯಲ್ಲಿದ್ದರು ಎಂದು ಅಲ್ಲಿನ ಪ್ಯೂ ಸಂಶೋಧನಾ ಕೇಂದ್ರ ಲೆಕ್ಕ ಕೊಟ್ಟಿತು. ಜಪಾನಿನಲ್ಲಿ ಇಂಥವರನ್ನು ಸಮಾಜಶಾಸ್ತ್ರಜ್ಞ ಮಸಾಹಿರೊ ಯಮಾದಾ 1990ರ ದಶಕದಲ್ಲೇ ಪರಾವಲಂಬಿಗಳು ಎಂದು ಕರೆದು ದೇಶದ ತುಂಬ ಚರ್ಚೆ ಎಬ್ಬಿಸಿದರು. ಆ ಹೆಸರು ನಮಗೆ ಚುಚ್ಚುತ್ತದೆ. ಚುಚ್ಚಬೇಕು ಕೂಡ, ಅದರಲ್ಲಿ ಅರ್ಧ ಸತ್ಯ ಇದೆ.

ಪುಕ್ಕಟೆ ಎಂಬುದೇ ಇಲ್ಲ

ಫಸ್ಟ್ ಶಿಫ್ಟಿನವನ ಡಬ್ಬಿ ಬೆಳಗಿನ ಆರಕ್ಕೆ ತಯಾರಾಗಬೇಕು. ಅಂದರೆ ಅವ್ವ ಐದಕ್ಕೆ ಎದ್ದಿರಬೇಕು. ನಾಲ್ಕು ರೊಟ್ಟಿ ಬಡಿದು, ಪಲ್ಯ ಹಾಕಿ, ಶೇಂಗಾ ಚಟ್ನಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಬಾಟಲಿಗೆ ನೀರು ತುಂಬಿ ಬಾಗಿಲ ಹತ್ತಿರ ಇಟ್ಟಿರುತ್ತಾಳೆ. ಮಗ ಹೆಲ್ಮೆಟ್ ಹುಡುಕುತ್ತ ಅದನ್ನು ಎತ್ತಿಕೊಂಡು ಹೋಗುತ್ತಾನೆ. ಥರ್ಡ್ ಶಿಫ್ಟ್ ಇದ್ದ ವಾರ ಅದೇ ಮಗ ಬೆಳಗ್ಗೆ ಬಂದು ಮಲಗುತ್ತಾನೆ. ಎರಡು ಕೋಣೆಯ ಮನೆಯಲ್ಲಿ ಅವನು ಏಳುವ ತನಕ ಮಿಕ್ಸರ್ ಹಚ್ಚುವಂತಿಲ್ಲ, ಅಪ್ಪ ಟಿವಿ ದನಿ ಏರಿಸುವಂತಿಲ್ಲ, ನೀರು ಬಂದ ದಿನವೂ ಕೊಡ ಸಪ್ಪಳ ಮಾಡುವಂತಿಲ್ಲ. ಕಾರ್ಖಾನೆ ಹಾಜರಿ ಹಾಕುವುದು ಒಬ್ಬನಿಗೆ. ಶಿಫ್ಟ್ ಮಾಡುವುದು ಇಡೀ ಮನೆ.

ನಾವು ಉಳಿಸಿದೆವು ಎನ್ನುವ ರೊಕ್ಕದಲ್ಲಿ ಒಂದು ಪಾಲು ಹೀಗೆ ಅವ್ವನ ನಿದ್ದೆಯಿಂದ, ಅಪ್ಪನ ಪಿಂಚಣಿಯಿಂದ ಬಂದದ್ದು. ಲೆಕ್ಕಕ್ಕೆ ಬಾರದ ಕಾರಣ ಅದು ಕಾಣುವುದಿಲ್ಲ. ಮನೆಯಲ್ಲಿ ಈ ಮಾತು ತೆಗೆದರೆ ಅವ್ವನದು ಒಂದೇ ಉತ್ತರ: "ಲೆಕ್ಕಾ ಹಚ್ಚಬ್ಯಾಡಪಾ, ಇದು ಮನಿ ಐತಿ, ಖಾನಾವಳಿ ಅಲ್ಲ." ನಮ್ಮ ಮರುಪ್ರಶ್ನೆಯೂ ಒಂದೇ: ಖಾನಾವಳಿಯವನಿಗೆ ತಿಂಗಳಾ ತಪ್ಪದೆ ರೊಕ್ಕ ಎಣಿಸುತ್ತೇವೆ, ತಡವಾದರೆ ಬೈಸಿಕೊಳ್ಳುತ್ತೇವೆ. ಪ್ರೀತಿಯಿಂದ ಹಾಕುತ್ತಾಳೆ ಎಂಬ ಒಂದೇ ಕಾರಣಕ್ಕೆ ಅವ್ವನಿಗೆ ಬಾಕಿ ಇಡುವುದು ಯಾವ ನ್ಯಾಯ?

ಕೂಡುಕುಟುಂಬದ ಗುಣಗಾನ ಮಾಡಲು ನಾವು ಬಂದಿಲ್ಲ. ಧಾರವಾಡ ಜಿಲ್ಲೆಯ ಲೋಕೂರಿನ ನರಸಿಂಗನವರ ಮನೆತನದಲ್ಲಿ ನೂರೈವತ್ತಕ್ಕೂ ಹೆಚ್ಚು ಮಂದಿ ಒಟ್ಟಿಗೆ ಬಾಳಿದ್ದನ್ನು ಕೇಳಿ ಬೆರಗಾಗಿದ್ದೇವೆ. ಆದರೆ ಅಂಥ ಮನೆಗೆ ಹೊಲ ಇತ್ತು, ಹೊಲಕ್ಕೆ ಎಲ್ಲರ ಕೈ ಬೇಕಿತ್ತು, ಬೆಳೆದದ್ದು ಒಂದೇ ಕಣಜಕ್ಕೆ ಬೀಳುತ್ತಿತ್ತು. ನಮಗೆ ಇರುವುದು ಒಬ್ಬೊಬ್ಬರ ಖಾತೆಗೆ ಬೇರೆ ಬೇರೆ ಬೀಳುವ ಪಗಾರ. ಕಣಜ ಇಲ್ಲದ ಮನೆಗೆ ಬರೆದಿಟ್ಟ ಲೆಕ್ಕವೇ ಬೇಕು.

ನಾವು ಒಪ್ಪಿಕೊಂಡ ಕಟ್ಟಳೆ

1. ಪಗಾರ ಬಂದ ಮೂರು ದಿನದೊಳಗೆ ಮನೆಯ ಪಾಲು ಅವ್ವನ ಕೈಗೆ, ಇಲ್ಲವೇ ಅವಳ ಖಾತೆಗೆ. ಮೂರರಲ್ಲಿ ಒಂದು ಪಾಲು ನಮ್ಮ ಅಳತೆಗೋಲು. ಪಗಾರ ಕಡಿಮೆ ಇದ್ದರೆ ಪಾಲು ಕಡಿಮೆಯಾಗಲಿ, ತಪ್ಪುವುದು ಬೇಡ. ಪರೀಕ್ಷೆಗೆ ಓದುತ್ತ ಕೆಲಸವಿಲ್ಲದೆ ಕುಳಿತವರು ರೊಕ್ಕದ ಬದಲು ಕೆಲಸ ಕೊಡಬೇಕು. ರೇಶನ್ ಸರದಿ, ನೀರು, ಅಪ್ಪನ ಆಸ್ಪತ್ರೆ ಓಡಾಟ ಅವರದು.

2. ಗಂಡಸು ಮಕ್ಕಳು ತಮ್ಮ ಡಬ್ಬಿ, ತಮ್ಮ ಬಟ್ಟೆ ತಾವೇ ತೊಳೆಯಬೇಕು. ವಾರಕ್ಕೆ ಒಂದು ದಿನ ಅಡಿಗೆಮನೆ ಪೂರ್ತಿ ಅವರ ಪಾಲು. ರೊಟ್ಟಿ ಬಡಿಯಲು ಬಾರದಿದ್ದರೆ ಅನ್ನ-ಸಾರು ಮಾಡಲಿ, ಅವ್ವ ಆ ದಿನ ಕೂತು ಉಣ್ಣಲಿ.

3. ಮಗಳಿಗೆ ಒಂದು, ಮಗನಿಗೆ ಒಂದು ಎಂಬ ಕಾಯಿದೆ ಇಲ್ಲ. ದುಡಿಯುವ ಮಗಳು ಪಗಾರವನ್ನು ಪೂರ್ತಿ ತಂದು ಕೊಡುವುದು, ದುಡಿಯುವ ಮಗ ತಿಂಗಳ ಕೊನೆಗೆ ಪೆಟ್ರೋಲಿಗೆ ಕೇಳುವುದು ನಮ್ಮ ಓಣಿಗಳಲ್ಲಿ ಹೊಸದಲ್ಲ. ಮೂರರಲ್ಲಿ ಒಂದು ಪಾಲು ಅವಳ ಹೆಸರಿನ ಉಳಿತಾಯಕ್ಕೇ ಹೋಗಬೇಕು, ಅವಳ ಮದುವೆಯ ಖರ್ಚಿಗಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಸಮಪಾಲು ಇದೆ, ಉತ್ತರಾಧಿಕಾರದ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬರುವಾಗ ಅಪ್ಪ ಬದುಕಿರಬೇಕೆಂದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಆಗಸ್ಟ್ 11ರಂದು. ನಮ್ಮ ನಾಕಾ ಪ್ರತಿಮೆಯ ಗದ್ದಲದಲ್ಲಿ ಮುಳುಗಿದ್ದ ತಿಂಗಳೇ ಅದು. ಗದ್ದಲ ಎಲ್ಲರಿಗೂ ನೆನಪಿದೆ, ತೀರ್ಪು ಎಷ್ಟು ಮನೆಗಳಿಗೆ ಮುಟ್ಟಿದೆ?

4. ಉಳಿತಾಯಕ್ಕೆ ಗುರಿಯೂ ಗಡುವೂ ಇರಬೇಕು. ಯಾಕೆ ಉಳಿಸುತ್ತಿದ್ದೇವೆ, ಯಾವ ವರ್ಷದ ತನಕ ಎಂಬುದನ್ನು ಬರೆದು ಅಪ್ಪ-ಅವ್ವನಿಗೆ ತೋರಿಸಬೇಕು. ಹೊಸ ಬೈಕಿನ ಇಎಂಐ ಉಳಿತಾಯದ ಲೆಕ್ಕಕ್ಕೆ ಬರುವುದಿಲ್ಲ.

5. ರೊಕ್ಕ ಇಡುವ ಜಾಗ ನೋಡಿ ಇಡಬೇಕು. ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ ಪಿಗ್ಮಿ ಈ ನಾಡಿನ ಬಡವರಿಗೆ ಉಳಿಸುವುದನ್ನು ಕಲಿಸಿತು. ಈಗ ಪಿಗ್ಮಿ ಎತ್ತುವ ಸೊಸೈಟಿಗಳು ಗಲ್ಲಿಗೊಂದು ಇವೆ. ಬ್ಯಾಂಕಿನ ಠೇವಣಿಗೆ 5 ಲಕ್ಷದ ತನಕ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಪತ್ತಿನ ಸೊಸೈಟಿಯ ಠೇವಣಿಗೆ ಅದಿಲ್ಲ. ಗೆಳೆಯರು ಸೇರಿ ಹಾಕುವ ಚೀಟಿಗೆ, ಅಂದರೆ ಭೀಶಿಗೂ ಇಲ್ಲ. ಭೀಶಿ ಹಾಕಬೇಡಿ ಎನ್ನುವುದಿಲ್ಲ, ಮನೆ ಕಟ್ಟುವ ರೊಕ್ಕ ಅದರಲ್ಲಿ ಹಾಕಬೇಡಿ.

6. ಎನ್‌ಎ (ಕೃಷಿಯೇತರ) ಆಗದ ಗುಂಟೆ ಜಾಗವನ್ನು ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡು ಕೊಳ್ಳುವುದಿಲ್ಲ. ನೂರು ರೂಪಾಯಿಗಿಂತ ಹೆಚ್ಚಿನ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಣಿ ಬೇಕೇ ಬೇಕು. ಸಬ್‌ರಿಜಿಸ್ಟ್ರಾರ್ ಕಚೇರಿ ಕಾಣದ ಕಾಗದ ನಮ್ಮನ್ನು ಮಾಲೀಕರನ್ನಾಗಿ ಮಾಡುವುದಿಲ್ಲ. ಐದು ವರ್ಷ ಅವ್ವನ ನಿದ್ದೆ ತಿಂದು ಕೂಡಿಸಿದ್ದನ್ನು ಒಂದು ಮಧ್ಯಾಹ್ನ ದಲಾಲನ ಕೈಗೆ ಹಾಕಬಾರದು.

7. ಮನೆ ಅಪ್ಪ-ಅವ್ವನದು. ಅವರ ಸ್ವಂತ ಗಳಿಕೆಯ ಮನೆಯಲ್ಲಿ ಬೆಳೆದ ಮಗ ಇರುವುದು ಅವರ ದಯೆಯಿಂದ, ಹಕ್ಕಿನಿಂದಲ್ಲ ಎಂದು ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿದೆ. ಹಣಕ್ಕೆ, ಸಹಿಗೆ, ವಾಟಣಿಗೆ ಅವರನ್ನು ಪೀಡಿಸುವವನು ನಮ್ಮ ಬಳಗದವನಲ್ಲ. ಅಂಥವನ ತಂದೆತಾಯಿ 2007ರ ಹಿರಿಯ ನಾಗರಿಕರ ಕಾಯ್ದೆಯಂತೆ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬೇಕೆಂದರೆ ಅದನ್ನು ಬರೆದುಕೊಡಲು ನಾವೇ ಕೂರುತ್ತೇವೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಮಕ್ಕಳು ಮಾತು ತಪ್ಪಿದರೆ ತಿರುಗಿ ಪಡೆಯಲು ಅದೇ ಕಾಯ್ದೆಯ 23ನೇ ಕಲಮಿನಲ್ಲಿ ದಾರಿ ಇದೆ. ಇದನ್ನು ಮೊದಲು ನಮ್ಮ ನಮ್ಮ ಮನೆಯಲ್ಲೇ ಓದಿ ಹೇಳುತ್ತೇವೆ.

8. ಮದುವೆಯಾಗಿ ಬರುವ ಹುಡುಗಿಗೆ ಈ ಲೆಕ್ಕ ಮೊದಲೇ ಗೊತ್ತಿರಬೇಕು. ಕನ್ಯಾ ನೋಡಲು ಹೋದಾಗ ಎಷ್ಟು ಕೋಣೆ, ಎಷ್ಟು ಜನ, ಎಷ್ಟು ವರ್ಷ ಎಂಬುದನ್ನು ಮುಚ್ಚಿಡುವುದಿಲ್ಲ. ನಮ್ಮ ಉಳಿತಾಯಕ್ಕಾಗಿ ಅವಳು ಬಾಗಿಲಿಲ್ಲದ ಕೋಣೆಯಲ್ಲಿ ಬಾಳಬೇಕೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಬೇರೆ ಮನೆ ಮಾಡೋಣ ಎಂದು ಅವಳು ಅಂದರೆ ಅದು ಮನೆ ಒಡೆಯುವ ಮಾತಲ್ಲ.

ಅಪ್ಪ-ಅವ್ವಂದಿರಲ್ಲಿ ವಿನಂತಿ

ನಾವು ಕೊಟ್ಟ ಪಾಲನ್ನು ತೆಗೆದುಕೊಳ್ಳಿ. "ನಿನ್ನ ರೊಕ್ಕಾ ಯಾಕಪಾ ನಮಗ" ಎಂದು ಮರಳಿ ಕಿಸೆಗೆ ಹಾಕಬೇಡಿ. ಅದನ್ನು ಗುಟ್ಟಾಗಿ ನಮ್ಮ ಹೆಸರಿನಲ್ಲೇ ಕೂಡಿಡಲೂ ಬೇಡಿ; ನಿಮ್ಮ ಕಣ್ಣಿನ ಆಪರೇಶನ್ನಿಗೆ, ನಿಮ್ಮ ಪಂಢರಪುರಕ್ಕೆ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಖರ್ಚು ಮಾಡಿ. ಪಾಲು ತೆಗೆದುಕೊಂಡ ಮೇಲೆ ನಮ್ಮನ್ನು ದೊಡ್ಡವರೆಂದು ನಡೆಸಿಕೊಳ್ಳಿ. ಮೂವತ್ತು ದಾಟಿದವರ ಫೋನು ಯಾರದೆಂದು ಕೇಳಬೇಡಿ, ಮಗಳು ಸೆಕೆಂಡ್ ಶಿಫ್ಟ್ ಮುಗಿಸಿ ಬಂದ ಹೊತ್ತನ್ನು ಓಣಿಯವರ ಗಡಿಯಾರದಲ್ಲಿ ನೋಡಬೇಡಿ. ಮದುವೆಗೆ ಬಂದವರು "ಇಷ್ಟ ವಯಸ್ಸಾದ್ರೂ ಇನ್ನೂ ಮನ್ಯಾಗ ಅದಾನ?" ಎಂದು ಕೇಳಿದರೆ ನಮ್ಮ ಪರವಾಗಿ ನೀವೇ ಉತ್ತರ ಕೊಡಿ: ಅದಾನ, ತನ್ನ ಪಾಲು ಕೊಟ್ಟ ಅದಾನ.

ನಮ್ಮ ಬೇಡಿಕೆಗಳು

ರಾಜ್ಯ ಸರ್ಕಾರಕ್ಕೆ: ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಗರಿಷ್ಠ ಮಿತಿ ಒಂದು ಮನೆಯ ಮೀಟರಿಗೆ 200 ಯೂನಿಟ್. ಆ ಮನೆಯಲ್ಲಿ ಇಬ್ಬರಿರಲಿ, ಎಂಟು ಮಂದಿಯಿರಲಿ, ಲೆಕ್ಕ ಅದೇ. ಒಟ್ಟಿಗೆ ಇದ್ದು ಒಂದೇ ಫ್ರಿಜ್ಜಿನಲ್ಲಿ ಬದುಕುವ ಮನೆ ಮಿತಿ ದಾಟಿ ಪೂರ್ತಿ ಬಿಲ್ಲು ಕಟ್ಟುತ್ತದೆ. ಮನೆಯ ಜನ ಎಣಿಸಿ ಮಿತಿ ಹಾಕಿ. ಮನೆಗೊಬ್ಬ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ ಕೊಡುವ ಗೃಹಲಕ್ಷ್ಮಿ 2023ರಲ್ಲಿ ಬಂದಾಗ ಅದು ಅತ್ತೆಗೋ ಸೊಸೆಗೋ ಎಂಬ ಜಗಳ ರಾಜ್ಯದ ತುಂಬ ಕೇಳಿಸಿತು. ಬೇರೆ ಅಡಿಗೆ ಹೂಡಿದವರಿಗೇ ಲಾಭ ಎನ್ನುವ ಯಾವ ಯೋಜನೆಯೂ ಒಟ್ಟಿಗೆ ಇರುವವರ ಮೇಲಿನ ದಂಡವೇ.

ಪೀರನವಾಡಿ ಪಟ್ಟಣ ಪಂಚಾಯತಿಗೆ: ಇದ್ದ ಮನೆಯ ಮೇಲೆ ಒಂದು ಕೋಣೆ ಏರಿಸುವವರ ಅರ್ಜಿಗೆ ಗಡುವು ಹಾಕಿ ಉತ್ತರ ಕೊಡಿ. ರಾತ್ರಿ ಹತ್ತರ ತನಕ ತೆರೆದಿರುವ ಒಂದು ಓದುವ ಕೋಣೆ ಕೊಡಿ. ದೊಡ್ಡ ಕಟ್ಟಡ ಬೇಡ, ಎರಡು ಟ್ಯೂಬ್‌ಲೈಟು, ಮೇಜು, ಬೆಂಚು, ಹೆಣ್ಣುಮಕ್ಕಳಿಗೆ ಶೌಚಾಲಯ ಸಾಕು. ಎರಡು ಕೋಣೆಯ ಮನೆಯಲ್ಲಿ ಓದುವವನೂ ಮಲಗುವವನೂ ಒಬ್ಬರನ್ನೊಬ್ಬರು ಶಪಿಸದೆ ಇರಲು ಅಷ್ಟು ಬೇಕು.

ಕೆಲಸ ಕೊಟ್ಟವರಿಗೆ: ಶಿಫ್ಟಿನ ಪಟ್ಟಿ ತಿಂಗಳ ಮೊದಲೇ ಹಚ್ಚಿ. ಸಂಬಳದಲ್ಲಿ ಮನೆಬಾಡಿಗೆ ಭತ್ಯೆ ಇರುವವರು ತಂದೆತಾಯಿಗೆ ನಿಜವಾಗಿ ಬಾಡಿಗೆ ಕೊಟ್ಟು ಹಳೆಯ ತೆರಿಗೆ ಪದ್ಧತಿಯಲ್ಲಿ ವಿನಾಯಿತಿ ಕೇಳಿದರೆ ಅನುಮಾನದಿಂದ ನೋಡಬೇಡಿ. ಮನೆ ಅವರ ಹೆಸರಿನಲ್ಲಿದ್ದು, ಬ್ಯಾಂಕಿನ ಮೂಲಕ ಕೊಟ್ಟು, ಅವರು ಅದನ್ನು ತಮ್ಮ ಆದಾಯದಲ್ಲಿ ತೋರಿಸಿದರೆ ಕಾನೂನು ಅದನ್ನು ಒಪ್ಪುತ್ತದೆ. "ಸ್ವಂತ ಮನೆಯಲ್ಲಿ ಇದ್ದಾನೆ, ಕಡಿಮೆ ಪಗಾರಕ್ಕೂ ನಡೆಯುತ್ತದೆ" ಎಂಬ ಲೆಕ್ಕವನ್ನು ಬಿಡಿ. ಅವ್ವ ಐದಕ್ಕೆ ಏಳುವುದು ನಿಮ್ಮ ಕಾರ್ಖಾನೆಗೆ ಕೊಟ್ಟ ಸಬ್ಸಿಡಿ ಅಲ್ಲ.

ಸೇರುವುದು ಹೇಗೆ

ವರ್ಗಣಿ ಇಲ್ಲ, ಅಧ್ಯಕ್ಷರಿಲ್ಲ, ಸನ್ಮಾನ ಇಲ್ಲ. ಎರಡು ರೇಖೆಯ ನೋಟುಬುಕ್ಕು ಒಂದು ಸಾಕು. ಒಂದು ಬದಿಗೆ ಮನೆಗೆ ಕೊಟ್ಟದ್ದು, ಇನ್ನೊಂದು ಬದಿಗೆ ಉಳಿಸಿದ್ದು. ಮೊತ್ತ ಯಾರಿಗೂ ತೋರಿಸಬೇಕಿಲ್ಲ, ತಾರೀಖು ತೋರಿಸಿದರೆ ಸಾಕು. ತಿಂಗಳ ಎರಡನೆಯ ರವಿವಾರ ಕೂಡುತ್ತೇವೆ. ತಪ್ಪಿದವರನ್ನು ಬೈಯುವುದಿಲ್ಲ, ಯಾಕೆ ತಪ್ಪಿತೆಂದು ಕೇಳುತ್ತೇವೆ. ಕೆಲಸ ಹೋದವರಿಗೆ ಕೆಲಸ ಹುಡುಕುತ್ತೇವೆ. ಗುರಿ ಮುಟ್ಟಿ ಬೇರೆ ಮನೆ ಮಾಡಿದವರನ್ನು ಖುಷಿಯಿಂದ ಕಳಿಸಿಕೊಡುತ್ತೇವೆ. ಗುರಿ ಮುಟ್ಟಿಯೂ ಅಪ್ಪ-ಅವ್ವನ ಜೊತೆಗೇ ಇರುತ್ತೇನೆ ಎಂದವರನ್ನು ಯಾಕೆಂದು ಕೇಳುವುದಿಲ್ಲ.

ಸೇರಬೇಕೆನ್ನುವವರು ನಮ್ಮಲ್ಲಿಗೆ ಬರುವ ಮೊದಲು ಒಂದು ಕೆಲಸ ಮಾಡಬೇಕು. ಬರುವ ಪಗಾರದಲ್ಲಿ ಮೊದಲ ಪಾಲು ಅವ್ವನ ಕೈಯಲ್ಲಿಟ್ಟು, ಅವಳು ಬೇಡ ಎಂದರೂ ಇಟ್ಟು, ಆಮೇಲೆ ಬನ್ನಿ.