ಕಪ್ಪು ತಾಯಿಗೆ ಹಳದಿ ಮರಿ

1899ರಲ್ಲಿ ಇಂಗ್ಲೆಂಡಿನಲ್ಲಿ ಲ್ಯಾಬ್ರಡಾರ್ ನಾಯಿಯೊಂದು ಮರಿ ಹಾಕಿತು. ತಾಯಿ ಕಪ್ಪು, ತಂದೆಯೂ ಕಪ್ಪು. ಹುಟ್ಟಿದ್ದು ಮಾತ್ರ ಹಳದಿ ಮರಿ! ‘ಬೆನ್ ಆಫ್ ಹೈಡ್’ ಎಂಬ ಹೆಸರಿನ ಆ ಮರಿಯೇ ದಾಖಲೆಗೆ ಸೇರಿದ ಮೊದಲ ಹಳದಿ ಲ್ಯಾಬ್ರಡಾರ್.

ಈಗಲೂ ಇಂಥ ಮರಿ ಹುಟ್ಟಿದರೆ ಮನೆಯವರು ಮೊದಲು ಶಂಕಿಸುವುದು ತಾಯಿಯನ್ನು. ‘ಯಾವುದೋ ಬೀದಿನಾಯಿ ಕಾಂಪೌಂಡ್ ಹಾರಿ ಬಂದಿರಬೇಕು’ ಎನ್ನುತ್ತಾರೆ. ಪಾಪ, ತಾಯಿ ನಿರಪರಾಧಿ ಇರಬಹುದು. ಅದರ ಪರವಾಗಿ ಸಾಕ್ಷಿ ಹೇಳಬಲ್ಲವನು ಗ್ರೆಗರ್ ಮೆಂಡೆಲ್. ಬಟಾಣಿ ಗಿಡಗಳ ಮೇಲೆ ಆತ ನಡೆಸಿದ ಪ್ರಯೋಗಗಳ ವರದಿ 1866ರಲ್ಲೇ ಪ್ರಕಟವಾಗಿತ್ತು. ಆದರೆ ಅದು ಲೋಕದ ಕಣ್ಣಿಗೆ ಬಿದ್ದದ್ದು 1900ರಲ್ಲಿ, ಅಂದರೆ ಬೆನ್ ಹುಟ್ಟಿದ ಮರುವರ್ಷ.

ಲ್ಯಾಬ್ರಡಾರ್‌ಗಳಲ್ಲಿ ಮುಖ್ಯವಾಗಿ ಮೂರು ಬಣ್ಣ: ಕಪ್ಪು, ಚಾಕೊಲೇಟ್, ಹಳದಿ. ಇದನ್ನು ನಿರ್ಧರಿಸುವುದು ಎರಡು ವಂಶವಾಹಿಗಳು. ಅವುಗಳನ್ನು ‘ಬಿ’ ಮತ್ತು ‘ಇ’ ಎಂದು ಕರೆಯುತ್ತಾರೆ. ಪ್ರತಿ ಮರಿಗೂ ಒಂದೊಂದು ವಂಶವಾಹಿಯ ಎರಡು ಪ್ರತಿಗಳಿರುತ್ತವೆ. ತಾಯಿಯಿಂದ ಒಂದು, ತಂದೆಯಿಂದ ಇನ್ನೊಂದು. ಪ್ರತಿಗಳಲ್ಲಿ ಪ್ರಬಲ ರೂಪ, ದುರ್ಬಲ ರೂಪ ಎಂಬ ಭೇದವುಂಟು. ಪ್ರಬಲ ರೂಪ ಒಂದೇ ಇದ್ದರೂ ಅದರದೇ ದರಬಾರು. ದುರ್ಬಲ ಗುಣ ಹೊರಗೆ ಕಾಣಬೇಕಾದರೆ ಎರಡು ಪ್ರತಿಗಳೂ ದುರ್ಬಲವಾಗಿರಬೇಕು.

‘ಬಿ’ ವಂಶವಾಹಿಯ ಕೆಲಸ ಡಬ್ಬಿಯಲ್ಲಿ ಯಾವ ಬಣ್ಣವಿರಬೇಕೆಂದು ತೀರ್ಮಾನಿಸುವುದು. ಪ್ರಬಲವಾದರೆ ಕಪ್ಪು, ಎರಡೂ ದುರ್ಬಲವಾದರೆ ಚಾಕೊಲೇಟ್. ‘ಇ’ ವಂಶವಾಹಿಯ ಕೆಲಸ ಡಬ್ಬಿಯ ಮುಚ್ಚಳ ತೆಗೆಯುವುದು. ಬಣ್ಣ ತಯಾರಿಸುವ ಕೋಶಗಳ ಹೊರಮೈಯಲ್ಲಿ ಸಂದೇಶ ಹಿಡಿಯುವ ಪ್ರೋಟೀನು ಒಂದಿದೆ. ‘ಇ’ಯ ಎರಡೂ ಪ್ರತಿ ದುರ್ಬಲವಾಗಿದ್ದರೆ ಆ ಪ್ರೋಟೀನು ಪೂರ್ಣಗೊಳ್ಳುವ ಮುನ್ನವೇ ತುಂಡಾಗುತ್ತದೆ. ‘ಗಾಢ ಬಣ್ಣ ತಯಾರಿಸು’ ಎಂಬ ಸಂದೇಶ ಒಳಗೆ ತಲಪುವುದಿಲ್ಲ. ಆಗ ಕೂದಲಿಗೆ ಸಿಗುವುದು ಹಳದಿ ವರ್ಣದ್ರವ್ಯ ಮಾತ್ರ. ‘ಬಿ’ ಏನೇ ಇದ್ದರೂ ನಾಯಿ ಹಳದಿಯೇ.

ಬೆನ್‌ನ ತಂದೆ ತಾಯಿ ಕಪ್ಪಾಗಿದ್ದರೂ ಇಬ್ಬರೊಳಗೂ ‘ಇ’ಯ ದುರ್ಬಲ ಪ್ರತಿಯೊಂದು ಅಡಗಿತ್ತು. ಇಂಥ ಕಪ್ಪು ಜೋಡಿ ‘ಬಿ’ಯ ದುರ್ಬಲ ಪ್ರತಿಯನ್ನೂ ಹೊತ್ತಿದ್ದರೆ, ಹದಿನಾರು ಮರಿಗಳಲ್ಲಿ ಸರಾಸರಿ ಒಂಬತ್ತು ಕಪ್ಪು, ಮೂರು ಚಾಕೊಲೇಟ್, ನಾಲ್ಕು ಹಳದಿ. ನಾಣ್ಯ ಚಿಮ್ಮಿದಾಗ ಆಗುವಂತೆ ಒಂದೇ ಸೂಲಿನಲ್ಲಿ ಲೆಕ್ಕ ಏರುಪೇರಾಗಬಹುದು. ಆದರೆ ಎರಡು ಹಳದಿ ನಾಯಿಗಳಿಗೆ ಕಪ್ಪು ಮರಿ ಹುಟ್ಟಿದರೆ ಮಾತ್ರ ಕಾಂಪೌಂಡಿನ ಕಡೆ ನೋಡಬಹುದು!

ಹಳದಿ ನಾಯಿಯ ಡಬ್ಬಿಯೊಳಗೆ ಯಾವ ಬಣ್ಣವಿದೆ ಎಂದು ತಿಳಿಯುವುದು ಸುಲಭ. ಮೂಗು ನೋಡಿ. ಮುಚ್ಚಳದ ತಡೆ ಕೂದಲಿಗೆ ಮಾತ್ರ, ಮೂಗಿನ ಚರ್ಮಕ್ಕಿಲ್ಲ. ಕಪ್ಪು ಮೂಗಾದರೆ ಒಳಗಿರುವುದು ಕಪ್ಪು, ಕಂದು ಮೂಗಾದರೆ ಚಾಕೊಲೇಟ್. ವಯಸ್ಸಾದಂತೆ ಕೆಲವು ನಾಯಿಗಳ ಮೂಗು ಮಾಸುತ್ತದೆ. ಆಗ ಕಣ್ಣಂಚು ನೋಡಿ.

ಇಷ್ಟೇ ಆಗಿದ್ದರೆ ಇದೊಂದು ಚಂದದ ಲೆಕ್ಕವಷ್ಟೇ. ಆದರೆ ಬಣ್ಣದ ಮೋಹಕ್ಕೆ ನಾಯಿ ಬೆಲೆ ತೆರುತ್ತಿರಬಹುದು ಎಂಬ ಅನುಮಾನ ವಿಜ್ಞಾನಿಗಳಿಗೆ ಬಂದಿದೆ. ಬ್ರಿಟನ್ನಿನ ಪಶುವೈದ್ಯಾಲಯಗಳ ದಾಖಲೆಗಳನ್ನು ಆಧರಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಕಪ್ಪು ಮತ್ತು ಹಳದಿ ಲ್ಯಾಬ್ರಡಾರ್‌ಗಳ ಮಧ್ಯಾಂಕ ಆಯುಸ್ಸು 12.1 ವರ್ಷ; ಚಾಕೊಲೇಟ್ ನಾಯಿಗಳದ್ದು 10.7 ವರ್ಷ ಮಾತ್ರ. ಕಿವಿಯ ಉರಿಯೂತ ಕಪ್ಪು ನಾಯಿಗಳಲ್ಲಿ ಶೇ. 12.8, ಹಳದಿಯಲ್ಲಿ ಶೇ. 17, ಚಾಕೊಲೇಟ್‌ನಲ್ಲಿ ಶೇ. 23.4. ಚರ್ಮದ ಒಂದು ಬಗೆಯ ಸೋಂಕೂ ಚಾಕೊಲೇಟ್ ನಾಯಿಗಳಲ್ಲೇ ಹೆಚ್ಚು.

ಹಾಗೆಂದು ಕಂದು ಬಣ್ಣವೇ ವಿಷವೆಂದಲ್ಲ. ಚಾಕೊಲೇಟ್ ಮರಿ ಬೇಕಾದರೆ ತಂದೆ ತಾಯಿ ಇಬ್ಬರಲ್ಲೂ ಆ ದುರ್ಬಲ ಪ್ರತಿ ಇರಲೇಬೇಕು. ಆ ಬಣ್ಣಕ್ಕಾಗಿಯೇ ಸಾಕುವವರು ಅಂಥವನ್ನೇ ಹುಡುಕಿ ಜೋಡಿ ಮಾಡುತ್ತಾರೆ. ಜೋಡಿಗೆ ಸಿಗುವ ನಾಯಿಗಳು ಕಡಿಮೆಯಾಗುತ್ತವೆ, ರಕ್ತಸಂಬಂಧ ಹತ್ತಿರವಾಗುತ್ತದೆ. ಬಣ್ಣದ ಜೊತೆಗೆ ಬೇರೆ ರೋಗಗಳ ದುರ್ಬಲ ಪ್ರತಿಗಳೂ ಒಂದೆಡೆ ಸೇರುತ್ತವೆ. ಕಾರಣ ಇದೇ ಇರಬಹುದೆಂದು ಸಂಶೋಧಕರ ಊಹೆ. ಸೋದರಮಾವನಿಗೆ ಹೆಣ್ಣು ಕೊಡುವ ಮುನ್ನ ಯೋಚಿಸಿ ಎಂದು ನಮ್ಮ ವೈದ್ಯರು ಹೇಳುವುದೂ ಇದೇ ತತ್ವದ ಮೇಲೆ.

ಆದ್ದರಿಂದ ಮರಿ ಕೊಳ್ಳಲು ಹೋದಾಗ ‘ಚಾಕೊಲೇಟ್ ಇದೆಯೇ?’ ಎಂಬುದು ಮೊದಲ ಪ್ರಶ್ನೆಯಾಗದಿರಲಿ. ತಾಯಿಯನ್ನು ತೋರಿಸಿ ಎನ್ನಿ. ತಂದೆ ತಾಯಿ ಹತ್ತಿರದ ಸಂಬಂಧಿಗಳೇ ಎಂದು ವಿಚಾರಿಸಿ. ಲ್ಯಾಬ್ರಡಾರ್‌ಗಳಿಗೆ ಸೊಂಟದ ಕೀಲಿನ ದೋಷ ವಂಶಪಾರಂಪರ್ಯವಾಗಿ ಬರಬಹುದಾದ್ದರಿಂದ, ಇಬ್ಬರಿಗೂ ಎಕ್ಸ್-ರೇ ಮಾಡಿಸಲಾಗಿದೆಯೇ ಎಂದು ಕೇಳಿ. ಕಿವಿ ಎತ್ತಿ ಒಳಗೆ ನೋಡಿ. ಇಷ್ಟಕ್ಕೆಲ್ಲ ಸರಿಯಾದ ಉತ್ತರ ಸಿಕ್ಕ ಮೇಲೆ ಬಣ್ಣ ಆರಿಸುವ ಸ್ವಾತಂತ್ರ್ಯ ನಿಮ್ಮದು.