ಹೆದ್ದಾರಿಯಲ್ಲಿ ಸೊರಗುವ ಕಾರು

ಕೊಪ್ಪಳದ ಪೇಟೆಯಲ್ಲಿ ಸರಾಗವಾಗಿ ಓಡಿದ ಪೆಟ್ರೋಲ್ ಕಾರು, ಕುಷ್ಟಗಿಯ ಹೆದ್ದಾರಿಯಲ್ಲಿ 80 ಕಿಲೋಮೀಟರು ವೇಗವನ್ನು ಮುಟ್ಟಿದೊಡನೆ, ಎಷ್ಟು ತುಳಿದರೂ ಮುಂದಕ್ಕೆ ಎಳೆಯದಾಗುವುದುಂಟು. ಲಾರಿಯನ್ನು ಹಿಂದಕ್ಕೆ ಹಾಕುವ ನಡುವೆ ಹೀಗಾದರೆ ಪ್ರಾಣಕ್ಕೇ ಸಂಚಕಾರ.

ಹೊಗೆಯನ್ನು ಕಂಡು ಅಗ್ನಿಯನ್ನು ಊಹಿಸುವ ತಾರ್ಕಿಕರ ಕ್ರಮವೇ ಇಲ್ಲಿಯೂ ಸಲ್ಲುವುದೆಂದು ನಮ್ಮ ಮತ. ನಿಧಾನದಲ್ಲಿ ಇಲ್ಲದ ದೋಷವು ವೇಗದಲ್ಲಿ ತೋರಿತೆಂದರೆ, ಎಂಜಿನ್ನಿಗೆ ಅಧಿಕ ಆಹಾರ ಬೇಕಾದಾಗ ಅದು ದೊರೆಯುತ್ತಿಲ್ಲವೆಂದು ಮೊದಲು ಶಂಕಿಸತಕ್ಕದ್ದು. ಒಂದು ತೂಕ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಆದುದರಿಂದ ಮೊದಲು ಏರ್ ಫಿಲ್ಟರನ್ನು ತೆಗೆದು ನೋಡಿರಿ. ಯಲಬುರ್ಗಾದ ಎರೆಮಣ್ಣಿನ ಧೂಳೂ ಗಂಗಾವತಿಯ ಅಕ್ಕಿ ಗಿರಣಿಗಳ ಹೊಟ್ಟಿನ ಪುಡಿಯೂ ಅದರ ಮಡಿಕೆಗಳಲ್ಲಿ ಕೂರದೆ ಬಿಡವು. ಇದನ್ನು ಗೃಹಸ್ಥರು ತಾವೇ ಬದಲಿಸಬಹುದು, ವೆಚ್ಚವೂ ಅಲ್ಪ.

ಅದು ಶುಚಿಯಾಗಿದ್ದರೆ ಪೆಟ್ರೋಲಿನ ಫಿಲ್ಟರೂ ಪಂಪೂ ಶಂಕೆಗೆ ಪಾತ್ರ. ಮೆಕ್ಯಾನಿಕನು ಪೆಟ್ರೋಲಿನ ಒತ್ತಡವನ್ನು ಎಂಜಿನ್ನಿನ ಮೇಲೆ ಭಾರ ಬಿದ್ದಾಗಲೇ ಅಳೆಯಲಿ. ನಿಂತ ಗಾಡಿಯಲ್ಲಿ ತೋರುವ ಅಂಕಿಯನ್ನು ನಂಬಲಾಗದು. ಅಳೆಯದೆಯೇ ಪಂಪನ್ನು ಬದಲಿಸುವವರ ಆತುರಕ್ಕೆ ನಾವೇಕೆ ಹಣ ತೆರಬೇಕು?

ಇನ್ನುಳಿದದ್ದು ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರು. ಅದು ಕಟ್ಟಿಕೊಂಡರೆ ಉರಿದ ಅನಿಲ ಹೊರಬೀಳದೆ ಹೊಸ ಗಾಳಿಗೆ ಎಡೆಯಿರದು. ಕೆಟ್ಟ ಸ್ಪಾರ್ಕ್ ಪ್ಲಗ್ಗಿನಿಂದ ಉರಿಯದೆ ಉಳಿದ ಪೆಟ್ರೋಲು ಅದನ್ನು ಕರಗಿಸಬಲ್ಲದು. ಪ್ಲಗ್ಗನ್ನು ಸರಿಪಡಿಸದೆ ಕನ್ವರ್ಟರನ್ನು ಬದಲಿಸಿದರೆ ಹೊಸದೂ ಕೆಡುವುದು.